ಕೊಟ್ಟು ತರೋ ಸಂಬಂಧ

ನಮ್ಮ ಮನೆಯಲ್ಲಿ ಪುಕ್ಕಟೆ ಬಂದದ್ದನ್ನು ಯಾರೂ ಸುಮ್ಮನೆ ಒಳಗೆ ತರುವುದಿಲ್ಲ. ಕೊಟ್ಟವರು ಯಾರು, ಯಾಕೆ ಕೊಟ್ಟರು, ನಾಳೆ ಏನು ಕೇಳುತ್ತಾರೆ ಎಂದು ವಿಚಾರಿಸಿ, ಬಹಳ ಸಲ ಬೇಡ ಎಂದೇ ತೀರ್ಮಾನಿಸುತ್ತೇವೆ. ಅಪ್ಪ ಇಳಕಲ್ಲಿನ ಒಂದು ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲು ನೋಡಿ ಆರಿಸುವವನು. ಫಳಫಳ ಹೊಳೆಯುವ ಕಲ್ಲು ಕಂಡರೆ ಅವನಿಗೆ ಮೊದಲು ಬರುವುದು ಸಂಶಯ. ಪಾಲಿಶ್ ಆದ ಹಾಸಿನ ಮೇಲೆ ನೀರು ಸುರಿದು, ಅದು ಆರುವತನಕ ಕುಕ್ಕರುಗಾಲಲ್ಲಿ ಕೂತು ನೋಡುತ್ತಾನೆ. ಎಲ್ಲ ಕಡೆ ಒಣಗಿದ ಮೇಲೂ ಬಿರುಕಿದ್ದ ಕಡೆ ತೇವ ಉಳಿಯುತ್ತದೆ. ಹೊಸ ಮನುಷ್ಯರನ್ನೂ ಅವನು ಹಾಗೆಯೇ ನೋಡುತ್ತಾನೆ. ಮಾತಾಡಿಸುತ್ತಾನೆ, ಚಹಾ ಕುಡಿಸುತ್ತಾನೆ, ಆರಲಿ ಎಂದು ಕಾಯುತ್ತಾನೆ.

ನಾನು ಅವನ ಮಗಳೇ. ಬಾಗಲಕೋಟೆಯಲ್ಲಿ ಸಿವಿಲ್ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಾಗ, ನಮ್ಮ ವಿಭಾಗದ ಸರ್ ನನ್ನನ್ನು ಕರೆದು, ಜರ್ಮನಿಯ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಓದಲು ನೀನು ಆಯ್ಕೆಯಾಗಿದ್ದೀ, ಅಲ್ಲಿ ಫೀ ಇಲ್ಲ ಎಂದರು. ಗೆಳತಿಯರು ಕುಣಿದಾಡಿದರು. ನಾನು ಮಾತ್ರ, ನನಗಿಂತ ಹೆಚ್ಚು ಮಾರ್ಕ್ಸ್ ತೆಗೆದವರು ಯಾಕೆ ಅರ್ಜಿ ಹಾಕಿಲ್ಲ, ಅವರಿಗೆ ಗೊತ್ತಿದ್ದು ನನಗೆ ಗೊತ್ತಿಲ್ಲದ್ದು ಏನಿದೆ ಎಂದು ಕ್ಯಾಂಟೀನಿನಲ್ಲಿ ಕೂತು ಯೋಚಿಸಿದೆ. ಚಹಾ ತಣ್ಣಗಾಯಿತು.

ಅಪ್ಪ ಮರುದಿನವೇ ಫ್ಯಾಕ್ಟರಿಗೆ ರಜೆ ಹಾಕಿ ಬಾಗಲಕೋಟೆಗೆ ಬಂದ. ಸರ್ ಮೈಸೂರು ಕಡೆಯವರು. ಅವರ ಕನ್ನಡ ಪೇಪರಿನಲ್ಲಿ ಬರೆದ ಹಾಗೆ ಇರುತ್ತಿತ್ತು. ಅಪ್ಪನ ಅರ್ಧ ಸಂಶಯಕ್ಕೆ ಅದೇ ಸಾಕಿತ್ತು.

"ಸರ್, ಒಂದ್ ಮಾತ್ ಕೇಳ್ತೇನಿ, ತಪ್ಪ್ ತಿಳ್ಕೋಬ್ಯಾಡ್ರಿ. ಫೀ ಇಲ್ಲ ಅಂತೀರಿ. ಹಂಗಾರ ಅವರಿಗೇನ್ರಿ ಲಾಭ?"

"ಲಾಭದ ಮಾತೇ ಇಲ್ಲ," ಎಂದು ಸರ್ ನಕ್ಕರು. "ಅವರ ಕಡೆಯಿಂದ ಒಬ್ಬ ವಿದ್ಯಾರ್ಥಿನಿ ನಮ್ಮಲ್ಲಿಗೆ ಬರುತ್ತಾಳೆ. ನಮ್ಮ ಕಡೆಯಿಂದ ನಿಮ್ಮ ಮಗಳು ಅಲ್ಲಿಗೆ ಹೋಗುತ್ತಾಳೆ. ಇಬ್ಬರೂ ತಂತಮ್ಮ ಕಾಲೇಜಿನಲ್ಲಿ ಫೀ ಕಟ್ಟಿರುತ್ತಾರೆ, ಹಾಗಾಗಿ ಇನ್ನೊಂದು ಕಡೆ ಕಟ್ಟುವುದಿಲ್ಲ. ಅವರು ಒಬ್ಬಳನ್ನು ಕಳಿಸುತ್ತಾರೆ, ನಾವು ಒಬ್ಬಳನ್ನು ಕಳಿಸುತ್ತೇವೆ. ಅಷ್ಟೇ."

ಅಪ್ಪನ ಮುಖ ಬದಲಾಯಿತು. ಮತ್ತೆ ಒಂದು ಪ್ರಶ್ನೆಯನ್ನೂ ಕೇಳದೆ ಕೈ ಮುಗಿದು ಹೊರಗೆ ಬಂದ. ಇಳಕಲ್ಲಿನ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತ. ಅಮೀನಗಡ ಬಂದಾಗ, ಕರದಂಟು ತಗೊಳ್ಳೋಣವೇ ಎಂದೆ. ಕೇಳಿಸಲಿಲ್ಲವೋ, ಬೇಡವೋ, ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಅವನು ಬಾಯಿ ಬಿಟ್ಟು ಹೇಳದ್ದನ್ನು ಹುನಗುಂದದಿಂದ ಬಂದ ನಮ್ಮ ಅತ್ತೆ ಹೇಳಿದಳು. ಅತ್ತೆ ಎಂದರೆ ಅಪ್ಪನ ತಂಗಿ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಾದ್ದರಿಂದ ಒಂದು ಚಿಟಿಕೆ ಸುದ್ದಿ ಸಿಕ್ಕರೂ ಸೆರಗು ಸಿಕ್ಕಿಸಿಕೊಂಡು ಬಂದುಬಿಡುತ್ತಾಳೆ. ಪಡಸಾಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡು, ತೊಡೆ ತಟ್ಟಿದಳು.

"ಅಂದ್ರ ಇದು ಕೊಟ್ಟು ತರೋ ಸಂಬಂಧ ಆತಲ್ಲೋ ಅಣ್ಣಾ!"

ನಮ್ಮ ಕಡೆ ಹಳೆಯ ಪದ್ಧತಿ ಇದು. ಯಾವ ಮನೆಗೆ ಹೆಣ್ಣು ಕೊಡುತ್ತಾರೋ ಅದೇ ಮನೆಯಿಂದ ಹೆಣ್ಣು ತರುತ್ತಾರೆ. ಎರಡು ಮದುವೆ ಒಂದೇ ಹಂದರದಲ್ಲಿ ಮುಗಿದುಹೋಗುತ್ತವೆ. ನಮ್ಮ ಅತ್ತೆಯನ್ನು ಹುನಗುಂದಕ್ಕೆ ಕೊಟ್ಟರು, ಅತ್ತೆಯ ಗಂಡನ ತಂಗಿಯನ್ನು ಇಳಕಲ್ಲಿಗೆ ತಂದರು. ಹಾಗೆ ತಂದವಳೇ ನನ್ನ ಅವ್ವ. ಅವ್ವ ಅತ್ತೆಯನ್ನು ವೈನಿ ಎನ್ನುತ್ತಾಳೆ, ಅತ್ತೆ ಅವ್ವನನ್ನು ವೈನಿ ಎನ್ನುತ್ತಾಳೆ. ಇಬ್ಬರೂ ಒಬ್ಬರಿಗೊಬ್ಬರು ಅಣ್ಣನ ಹೆಂಡತಿ. ಚಿಕ್ಕವಳಿದ್ದಾಗ ನನಗೆ ಇದೊಂದು ತಮಾಷೆ. ಈ ಪದ್ಧತಿಯ ಧೈರ್ಯ ಏನೆಂದರೆ, ಅವರು ನಮ್ಮ ಮಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಯಾಕೆಂದರೆ ಅವರ ಮಗಳು ನಮ್ಮ ಕೈಯಲ್ಲಿದ್ದಾಳೆ. ಅದರ ಭಯವೂ ಅದೇ.

"ಅತ್ತಿ, ಇದು ಮದುವಿ ಅಲ್ಲ, ಕಾಲೇಜು," ಎಂದೆ.

"ಯಾವುದಾದ್ರೇನವಾ? ಒಂದ್ ಹೆಣ್ಣ್ ಕೊಟ್ಟು ಒಂದ್ ಹೆಣ್ಣ್ ತರೂದು ಹೌದೋ ಅಲ್ಲೋ? ಆ ಹುಡುಗಿ ಎಂಥಾಕಿ? ಇಲ್ಲಿ ನಿಲ್ತಾಳೋ, ನಡುವ ಎದ್ದು ಓಡ್ತಾಳೋ? ಅದನ್ನ ಮೊದಲ ನೋಡ್ರಿ."

ಅವಳು ಹೇಳಿದ್ದು ತಪ್ಪು ಎಂದು ಗೊತ್ತಿತ್ತು, ಎಲ್ಲಿ ತಪ್ಪು ಎಂದು ಮಾತ್ರ ತೋರಿಸಲಾಗಲಿಲ್ಲ. ಅವ್ವ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದವಳು ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಕೊನೆಗೆ ಅತ್ತೆಯ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಆ ಹುಡುಗಿ ಬಾಗಲಕೋಟೆಯ ಹಾಸ್ಟೆಲಿನಲ್ಲಿ ಇರಲಿ, ಆದರೆ ರಜೆಯ ದಿನ ನಮ್ಮ ಮನೆಗೇ ಬರಬೇಕು, ನಮ್ಮ ಕಣ್ಣ ಮುಂದೆಯೇ ಇರಬೇಕು.

ಜರ್ಮನಿಯ ಹುಡುಗಿ ನಾನು ಹೊರಡುವ ಮೊದಲೇ, ಶ್ರಾವಣದಲ್ಲಿ ಬಂದಳು. ಉದ್ದನೆಯ ಕಾಲು, ಬಿಸಿಲಿಗೆ ಬೇಗ ಕೆಂಪಾಗುವ ಮುಖ. ಬಾದಾಮಿಯ ಕೆಂಪು ಕಲ್ಲು ಗಾಳಿ ಮಳೆಗೆ ಹೇಗೆ ಸವೆಯುತ್ತದೆ ಎಂದು ನೋಡುವುದು ಅವಳ ಕೆಲಸ. ನಾನು ಜರ್ಮನಿಯಲ್ಲಿ ಮಾಡಬೇಕಾದ ಕೆಲಸವೂ ಕಲ್ಲಿನದೇ. ಅವಳು ಎಲ್ಲಕ್ಕೂ ನಗುತ್ತಿದ್ದಳು, ಎಲ್ಲವೂ ಚೆನ್ನಾಗಿದೆ ಎನ್ನುತ್ತಿದ್ದಳು. ಎಲ್ಲಕ್ಕೂ ನಗುವವರನ್ನು ನಾನು ನಂಬುವುದಿಲ್ಲ. ಅವ್ವನ ಬದನೆಕಾಯಿ ಪಲ್ಯ ತಿಂದು ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತಿದ್ದರೂ ಬಹಳ ರುಚಿ ಎಂದಳು. ಇಷ್ಟು ಸಲೀಸಾಗಿ ಸುಳ್ಳು ಹೇಳುವವಳು ಇನ್ನೇನೇನು ಹೇಳಬಹುದು ಎಂದು ನನಗೆ ಚಿಂತೆಯಾಯಿತು.

ಅತ್ತೆಗೆ ಚಿಂತೆ ಬೇರೆಯದು. "ಹೊಟ್ಟಿ ತುಂಬ ಉಣ್ಣಾಕತ್ತಾಳೋ ಇಲ್ಲೋ ನೋಡ್ರಿ. ಇಲ್ಲಿ ಅಕಿ ಉಪಾಸ ಬಿದ್ರ ಅಲ್ಲಿ ನಮ್ಮ ಹುಡುಗಿದೂ ಉಪಾಸನ."

ಹುಡುಗಿ ಬಾದಾಮಿಗೆ ಹೋಗುವ ದಿನ ಅತ್ತೆಯೂ ಹೊರಡುತ್ತಿದ್ದಳು. ಒಂದು ಕೈಯಲ್ಲಿ ರೊಟ್ಟಿಯ ಗಂಟು, ಇನ್ನೊಂದರಲ್ಲಿ ಛತ್ರಿ. ಹುಡುಗಿ ಅಲ್ಲಿಯ ಗುಹಾಲಯ ಮೇಣಬಸದಿಯ ಬಂಡೆಗೆ ಅಂಟಿಕೊಂಡು ಫೋಟೋ ತೆಗೆಯುತ್ತಿದ್ದರೆ, ಅತ್ತೆ ಅವಳ ತಲೆಯ ಮೇಲೆ ಛತ್ರಿ ಹಿಡಿದು ನಿಲ್ಲುತ್ತಿದ್ದಳು. ನೆರಳು ಬಿದ್ದು ಫೋಟೋ ಕೆಡುತ್ತಿತ್ತು. ಮಂಗ್ಯಾಗಳು ಬಂದರೆ ಅದೇ ಛತ್ರಿ ಮಡಚಿ ಅಟ್ಟುತ್ತಿದ್ದಳು. ಒಬ್ಬ ಗೈಡ್ ಹುಡುಗಿಯನ್ನು ಮಾತಾಡಿಸಲು ಬಂದಾಗ ಅತ್ತೆ ಅವನ ಊರು, ಓಣಿ, ತಾಯಿಯ ತವರು ಯಾವುದು ಎಂದು ವಿಚಾರಿಸತೊಡಗಿದಳು. ಅವನು ಐಹೊಳೆಯ ಬಸ್ಸು ಬಂತು ಎಂದು ಹೇಳಿ ಪಾರಾದ. ಬಸ್ಸು ಬಂದಿರಲಿಲ್ಲ.

ಹುಡುಗಿಗೂ ಸಂಶಯ ಶುರುವಾಗಿತ್ತು. ಒಮ್ಮೆ ನಾನೂ ಜೊತೆಗೆ ಹೋಗಿ ಬಾದಾಮಿಯ ಕೆರೆಯ ಮೆಟ್ಟಿಲ ಮೇಲೆ ಕೂತಿದ್ದಾಗ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು: "ನಿನ್ನ ಅತ್ತೆ ಯಾಕೆ ನಾನು ಹೋದಲ್ಲೆಲ್ಲ ಬರುತ್ತಾರೆ? ನಾನೇನಾದರೂ ಕದಿಯುತ್ತೇನೆ ಎಂದೇ?"

"ಇಲ್ಲ. ನೀನು ಓಡಿಹೋಗುತ್ತೀ ಎಂದು," ಎಂದೆ.

ಅವಳು ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ನಾನೂ ಅವಳನ್ನು ಅದೇ ಕಣ್ಣಿನಿಂದ ನೋಡತೊಡಗಿದ್ದೆ. ಅವಳು ಕೆಮ್ಮಿದರೆ, ಮನೆಗೆ ಫೋನು ಮಾಡಿ ಬಂದು ಮಂಕಾಗಿ ಕೂತರೆ, ಎದ್ದು ಹೋಗಿ ಏನಾಯಿತು ಎಂದು ವಿಚಾರಿಸುತ್ತಿದ್ದೆ.

ನಾನು ಹೊರಡುವ ಹಿಂದಿನ ದಿನ ಸಂಜೆ ಅವ್ವ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಅತ್ತೆ ನನ್ನ ಬ್ಯಾಗಿನ ಪಕ್ಕದಲ್ಲಿ ಬಂದು ಕೂತಳು.

"ಒಂದ್ ಮಾತ್ ಹೇಳ್ತೇನಿ, ನಿಮ್ಮವ್ವನ ಮುಂದ ಅನಬ್ಯಾಡ," ಎಂದು ಶುರು ಮಾಡಿದಳು.

ನಾನು ಇನ್ನೂ ಸಾಲಿಗೆ ಹೋಗದ ಕೂಸಾಗಿದ್ದಾಗಿನ ಸಂಗತಿ. ಎಮ್ಮೆ ಮಾರುವ ವಿಷಯಕ್ಕೆ ಅತ್ತೆ ಎದುರು ಮಾತಾಡಿದಳೆಂದು ಮಾವ ಅವಳನ್ನು ಹುನಗುಂದದ ಮನೆಯಿಂದ ಹೊರಗೆ ಹಾಕಿದ. ಅತ್ತೆ ಬಸ್ಸು ಹತ್ತಿ ಇಳಕಲ್ಲಿಗೆ ಬಂದಳು. ಅವ್ವ ಅವಳ ಕೈಕಾಲಿಗೆ ನೀರು ಕೊಟ್ಟು, ಬಿಸಿ ರೊಟ್ಟಿ ಬಡಿದು ಊಟಕ್ಕೆ ನೀಡಿದಳು. ಅಷ್ಟರಲ್ಲಿ ನನ್ನ ಅಜ್ಜ ಹೊರಗಿನಿಂದ ಬಂದ. ಮಗಳನ್ನು ನೋಡಿದ, ಯಾಕೆ ಬಂದಳು ಎಂದು ಕೇಳಿದ, ಅಪ್ಪನ ಕಡೆ ತಿರುಗಿ, ಹಾಗಾದರೆ ಅವರ ಹುಡುಗಿಯನ್ನು ಅವರಿಗೆ ಮುಟ್ಟಿಸಿ ಬಾ ಎಂದ.

"ನಾ ಉಂಡ ತಾಟು ಇನ್ನಾ ತೊಳದಿರಲಿಲ್ಲ," ಎಂದಳು ಅತ್ತೆ. "ನಿಮ್ಮವ್ವ ಎರಡು ಸೀರಿ ಗಂಟ್ ಕಟ್ಕೊಂಡ್ಲು. ನಿಮ್ಮಪ್ಪ ಸೈಕಲ್ ಮ್ಯಾಲೆ ಕೂಡ್ರಿಸಿಕೊಂಡು ಹೋಗಿ ಬಸ್ಸ್ ಹತ್ತಿಸಿ ಬಂದ. ಯಾರೂ ಏನೂ ಅನಲಿಲ್ಲ. ನಿಮ್ಮವ್ವನೂ ಅನಲಿಲ್ಲ. ಅದ ರೂಢಿ."

"ನಾನು?"

"ನೀ ಈ ಮನಿ ಕೂಸು. ನೀ ಇಲ್ಲೇ."

ಆ ಬೇಸಿಗೆ ನನಗೆ ನೆನಪಿದೆ. ಅತ್ತೆ ನನ್ನ ಜಡೆಯನ್ನು ಬಿಗಿಯಾಗಿ ಹೆಣೆಯುತ್ತಿದ್ದಳು, ಹಣೆ ನೋಯುತ್ತಿತ್ತು. ಅವ್ವ ತವರಿಗೆ ಹೋಗ್ಯಾಳ, ಬರ್ತಾಳ ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲದಕ್ಕೂ ಸಂಶಯ ಪಡುವ ನಾನು ಅದೊಂದಕ್ಕೆ ಮಾತ್ರ ಎಂದೂ ಸಂಶಯ ಪಟ್ಟಿರಲಿಲ್ಲ. ಹಿರಿಯರು ಮಾತಾಡಿ ಮುಗಿಸುವ ಹೊತ್ತಿಗೆ ಮಳೆ ಬಿದ್ದಿತ್ತಂತೆ. ಅತ್ತೆ ಅತ್ತ ಹೋದ ದಿನ ಅವ್ವ ಇತ್ತ ಬಂದಳಂತೆ. ಕೇಳುತ್ತ ಕೇಳುತ್ತ ನನಗೆ ಸಿಟ್ಟು ಬಂತು. ಸತ್ತುಹೋದ ಅಜ್ಜನ ಮೇಲೆ, ಸೈಕಲ್ ತುಳಿದ ಅಪ್ಪನ ಮೇಲೆ, ಕೊನೆಗೆ ಸುಮ್ಮನೆ ಗಂಟು ಕಟ್ಟಿದ ಅವ್ವನ ಮೇಲೂ.

"ಅದಕ ಹೇಳ್ತೇನಿ," ಅತ್ತೆ ನನ್ನ ಕೈ ಹಿಡಿದಳು. "ಈ ಹುಡುಗಿ ಇಲ್ಲಿರೂತನ ನಿನಗ ಅಲ್ಲಿ ಭಯ ಇಲ್ಲ. ಇಕಿನ್ನ ನಾ ಕಾಯ್ತೇನಿ. ಆದ್ರ ಇಕಿ ಹೊಂಟ್ಲಂತ ಸುದ್ದಿ ಬಂತಂದ್ರ, ಅವರು ಕಳಿಸೂತನ ನೀ ಕೂಡಬ್ಯಾಡ. ನೀನ ಎದ್ದು ಬಾ. ಹೊರಗ ಹಾಕಿಸ್ಕೊಂಡು ಬರೂದು ಬ್ಯಾರೆ, ತಾನ ಬರೂದು ಬ್ಯಾರೆ. ಎರಡೂ ನೋಡಿದಾಕಿ ನಾ."

ಅವ್ವ ಹಿಟ್ಟಿನ ಡಬ್ಬಿ ಹೊತ್ತು ಬಂದಳು. ನಾವು ಮಾತು ಬದಲಿಸಿದೆವು. ಅವ್ವ ನಮ್ಮಿಬ್ಬರ ಮುಖ ನೋಡಿ, ಡಬ್ಬಿಯನ್ನು ಒಳಗೆ ಒಯ್ದಳು.

ಜರ್ಮನಿಯಲ್ಲಿ ನಾನಿದ್ದದ್ದು ನದಿಯ ದಂಡೆಯ ಒಂದು ಸಣ್ಣ ಊರು. ಬಸ್ಸು ಹೇಳಿದ ಹೊತ್ತಿಗೆ ಬರುತ್ತಿತ್ತು, ಅದೇ ನನಗೆ ಮೊದಲ ದಿಗಿಲು. ಜನ ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ ಬಾಯಿ ಮುಚ್ಚುತ್ತಿದ್ದರು. ನಮ್ಮ ಕಡೆ ಹಾಗೆ ಬಾಯಿ ಮುಚ್ಚಿದರೆ ಏನೋ ಬಚ್ಚಿಡುತ್ತಿದ್ದಾರೆ ಎಂದು ಅರ್ಥ. ಅಡುಗೆಮನೆ ಹಂಚಿಕೊಂಡಿದ್ದ ಹುಡುಗಿಯರು ನನ್ನ ಶೇಂಗಾ ಚಟ್ನಿಯನ್ನು ಕೇಳಿ ಕೇಳಿ ತಿಂದರು. ಅದಕ್ಕೂ ನನಗೆ ಅನುಮಾನ.

ಆದರೆ ಲ್ಯಾಬು ನನ್ನನ್ನು ಹಿಡಿದುಕೊಂಡುಬಿಟ್ಟಿತು. ಕಲ್ಲಿನ ಈ ಬದಿಯಿಂದ ಸದ್ದು ಕಳಿಸಿ ಆ ಬದಿಯಲ್ಲಿ ಅದು ಎಷ್ಟು ಹೊತ್ತಿಗೆ ತಲುಪಿತು ಎಂದು ನೋಡುವ ಯಂತ್ರ ಅಲ್ಲಿತ್ತು. ಒಳಗೆ ಬಿರುಕಿದ್ದರೆ ಸದ್ದು ತಡವಾಗುತ್ತದೆ. ಇಳಕಲ್ಲಿನ ಕಲ್ಲಿನ ತುಂಡುಗಳನ್ನು ನಾನು ಬಟ್ಟೆಯ ನಡುವೆ ಇಟ್ಟು ಒಯ್ದಿದ್ದೆ. ಅವುಗಳ ಮೇಲೆ ಚಳಿ ಬಿಸಿಲಿನ ಪರೀಕ್ಷೆ ಶುರುವಾಗಿತ್ತು. ಸೆಮಿಸ್ಟರ್ ಮುಗಿಯುವತನಕ ಅವು ನಡೆಯಬೇಕು. ನಡುವೆ ಎದ್ದು ಬಂದರೆ ಆ ಪರೀಕ್ಷೆಯೂ ಹೋಯಿತು, ಬಾಗಲಕೋಟೆಯಲ್ಲಿ ಒಂದು ವರ್ಷವೂ ಹೋಯಿತು. ವರ್ಷ ಹೋದರೆ ಮನೆಯಲ್ಲಿ ಮುಂದಿನ ಮಾತು ಮದುವೆಯದು, ಅದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಬೆಳಿಗ್ಗೆ ಎದ್ದರೆ ಲ್ಯಾಬಿಗೆ ಓಡುವ ಆಸೆ. ಅಂಥ ಆಸೆ ನನಗೆ ಹಿಂದೆ ಯಾವುದಕ್ಕೂ ಆಗಿರಲಿಲ್ಲ.

ಅಷ್ಟರಲ್ಲಿ ಅಪ್ಪನ ಫೋನು ಬಂತು. ಆ ಹುಡುಗಿಗೆ ಜ್ವರ.

ಅತ್ತೆ ಬಾಗಲಕೋಟೆಯ ದವಾಖಾನೆಯಲ್ಲಿ ಅವಳ ಮಂಚದ ಪಕ್ಕ ಚಾಪೆ ಹಾಕಿಕೊಂಡು ಕೂತಳಂತೆ. ಡಾಕ್ಟರರು ಮನೆಗೆ ಹೋಗ್ರಿ ಎಂದರೂ ಏಳಲಿಲ್ಲವಂತೆ. ಗಂಜಿ ಕುಡಿಸಿದಳು, ದೃಷ್ಟಿ ತೆಗೆದಳು. ನಾನು ದಿನಾಲೂ ಫೋನು ಮಾಡಿ ಅವಳ ಜ್ವರ ಕೇಳುತ್ತಿದ್ದೆ. ಅಲ್ಲಿ ಅವಳಿಗೆ ಇಳಿದರೆ ಇಲ್ಲಿ ನನಗೆ ಊಟ ಸೇರುತ್ತಿತ್ತು. ಜ್ವರ ಬಿಟ್ಟಿತು. ಆದರೆ ಅವಳ ತಾಯಿ ಇನ್ನು ಸಾಕು, ಬಾ ಎಂದಳಂತೆ.

"ಅಕಿ ಹೊಂಟ್ಲವಾ," ಎಂದ ಅಪ್ಪ. "ಅಲ್ಲೆ ನಿನಗ ಯಾರರ ಏನರ ಅಂದ್ರೇನು?"

ಅತ್ತೆ ಫೋನು ಕಸಿದುಕೊಂಡಳು. "ನಾ ಹೇಳಿದ್ದು ನೆನಪೈತಿಲ್ಲೋ? ಕಳಿಸೂತನ ಕೂಡಬ್ಯಾಡ."

ಮರುದಿನ ಬೆಳಿಗ್ಗೆ ಲ್ಯಾಬಿನ ಬಾಗಿಲಿಗೆ ನನ್ನ ಕಾರ್ಡ್ ಹಿಡಿದರೆ ಕೆಂಪು ದೀಪ ಹತ್ತಿತು, ಬಾಗಿಲು ತೆರೆಯಲಿಲ್ಲ. ಮತ್ತೆ ಹಿಡಿದೆ. ಮತ್ತೆ ಕೆಂಪು. ಒಳಗಿದ್ದ ಪ್ರೊಫೆಸರ್ ಗಾಜಿನಾಚೆಯಿಂದ ಕೈ ಅಲ್ಲಾಡಿಸಿ, ಆಮೇಲೆ ಬಾ ಎಂದು ಸನ್ನೆ ಮಾಡಿದರು. ಆ ದಿನ ಇಡೀ ಮಹಡಿಯವರ ಕಾರ್ಡುಗಳು ಕೆಟ್ಟಿದ್ದವು ಎಂದು ಆಮೇಲೆ ತಿಳಿಯಿತು. ಆ ಹೊತ್ತಿನಲ್ಲಿ ನನಗೆ ತಿಳಿದದ್ದು ಒಂದೇ, ಶುರುವಾಯಿತು. ರೂಮಿಗೆ ಬಂದು ಬಟ್ಟೆ ತುಂಬಿದೆ. ಅಳಲಿಲ್ಲ. ಅವರ ಬಾಯಿಂದ ಹೋಗು ಎನ್ನಿಸಿಕೊಳ್ಳಬಾರದು ಎಂಬುದೊಂದೇ ಹಟ.

ಹೊರದೇಶದ ವಿದ್ಯಾರ್ಥಿಗಳ ಆಫೀಸಿನಲ್ಲಿ ನಡುವಯಸ್ಸಿನ ಒಬ್ಬ ಹೆಂಗಸು ಇದ್ದಳು. ನಾನು ಹೋಗಿ, ನಾನು ಊರಿಗೆ ಹೊರಟಿದ್ದೇನೆ, ಏನೇನು ಮಾಡಬೇಕು ಹೇಳಿ ಎಂದೆ. ಅವಳು ಕೂಡಿಸಿ ನೀರು ಕೊಟ್ಟಳು, ಎದ್ದು ಹೋಗಿ ಬಾಗಿಲು ಹಾಕಿ ಬಂದಳು. ಮೈ ಹುಷಾರಿಲ್ಲವೇ? ಯಾರಾದರೂ ತೊಂದರೆ ಕೊಟ್ಟರೇ? ಮನೆಯಲ್ಲಿ ಯಾರಾದರೂ ಬಾ ಎಂದು ಒತ್ತಾಯ ಮಾಡುತ್ತಿದ್ದಾರೆಯೇ? ಈಗ ಅವಳಿಗೆ ನನ್ನ ಮೇಲೆ ಸಂಶಯ. ಒಂದೊಂದಕ್ಕೂ ಇಲ್ಲ, ಇಲ್ಲ ಎಂದೆ.

"ಮತ್ತೆ ಯಾಕೆ?"

"ನಿಮ್ಮ ಹುಡುಗಿ ನಮ್ಮ ಊರು ಬಿಟ್ಟು ಹೊರಟಿದ್ದಾಳೆ."

"ಹೌದು, ಗೊತ್ತು. ಅದಕ್ಕೂ ನಿನಗೂ ಏನು?"

"ಅವಳ ಬದಲಿಗೆ ಬಂದವಳು ನಾನು."

ಅವಳು ಕನ್ನಡಕ ತೆಗೆದು ನನ್ನನ್ನೇ ನೋಡಿದಳು. ನಾಟಕ ಮಾಡುತ್ತಿರಬಹುದು ಎಂದು ನಾನೂ ನೋಡಿದೆ. ನಾಟಕ ಕಾಣಲಿಲ್ಲ. ನಿಜವಾಗಿಯೂ ಅವಳಿಗೆ ಅರ್ಥವಾಗಿರಲಿಲ್ಲ.

"ಅವಳು ಹೋದರೆ ನೀನು ಯಾಕೆ ಹೋಗಬೇಕು?" ಎಂದಳು. "ನೀನೇನು ಮಾಡಿದೆ?"

ನನಗೆ ಅಳು ಬಂದುಬಿಟ್ಟಿತು. ಬ್ಯಾಗು ತುಂಬುವಾಗ ಬರದಿದ್ದ ಅಳು ಆ ಹೆಂಗಸಿನ ಮುಂದೆ ತಡೆಯದೆ ಬಂತು. ಅಷ್ಟು ಅತ್ತ ಮೇಲೂ ನಾನು ನಮ್ಮಪ್ಪನ ಮಗಳೇ. ಹಾಗಾದರೆ ನಾನು ಕೊನೆಯತನಕ ಇರಬಹುದೇ ಎಂದು ಕೇಳಿದೆ. ಹೌದು ಎಂದಳು. ಮುಂದೆ ಯಾರೂ ಬೇಡ ಅನ್ನುವುದಿಲ್ಲವೇ ಎಂದೆ. ಇಲ್ಲ ಎಂದಳು. ನಿಮ್ಮ ಮೇಲಿನವರು, ಎಂದೆ. ಅವಳು ಸಿಟ್ಟಾಗದೆ ನನ್ನ ಎದುರಿಗೇ ಮೇಲಿನವರಿಗೆ ಫೋನು ಮಾಡಿ ಕೇಳಿದಳು. ಅವರೂ ಅದನ್ನೇ ಹೇಳಿದರು.

ರೂಮಿಗೆ ಬಂದು ಮನೆಗೆ ಫೋನು ಹಚ್ಚಿದೆ. ಅಪ್ಪ ಸ್ಪೀಕರ್ ಹಾಕಿದ. ಅತ್ತೆ ಅಲ್ಲೇ ಇದ್ದಳು.

"ನಾ ಬರೂದಿಲ್ಲಪ್ಪಾ. ಪೂರ್ತಿ ಮುಗಿಸಿಕೊಂಡ ಬರ್ತೇನಿ."

"ಇಷ್ಟ್ ಸುಲಭ ಬಿಡ್ತಾರೇನು?" ಎಂದ ಅಪ್ಪ. "ಇದರಾಗ ಏನರ ಇರಬೇಕು ನೋಡು."

"ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲವಾ," ಎಂದಳು ಅತ್ತೆ.

ನಾನು ಆಫೀಸಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಆ ಹೆಂಗಸು ಕೇಳಿದ್ದನ್ನೂ ನಮ್ಮ ಮಾತಿನಲ್ಲಿ ಹೇಳಿದೆ. ಯಾವ ಮಾತಿಗೂ ಮರುಮಾತು ಇಟ್ಟುಕೊಂಡಿರುವ ಅತ್ತೆಯ ದನಿ ಕೂಡ ಬರಲಿಲ್ಲ. ಲೈನ್ ಕಟ್ಟಾಯಿತೇನೋ ಎಂದು ಹಲೋ, ಹಲೋ ಎಂದೆ.

ಆಗ ಅವ್ವನ ದನಿ ಬಂತು. ಉಂಡಿಯೇನು, ಚಳಿ ಭಾಳ ಐತೇನು ಎಂಬುದರಾಚೆ ಅವಳು ಫೋನಿನಲ್ಲಿ ಮಾತಾಡಿದವಳಲ್ಲ.

"ಇನ್ನೊಮ್ಮೆ ಅನು. ಅಕಿ ಏನಂದ್ಲು?"

"ಅಕಿ ಹೋದ್ರ ನೀ ಯಾಕ ಹೋಗಬೇಕು, ನೀ ಏನ್ ಮಾಡಿದಿ, ಅಂದ್ಲವ್ವಾ."

ಅವ್ವ ಅಪ್ಪನ ಕಡೆ ತಿರುಗಿದ್ದು ದನಿಯಲ್ಲೇ ತಿಳಿಯಿತು.

"ಕೇಳಿದ್ರೇನ್ರಿ?" ಎಂದಳು.

ಅವ್ವ ಇನ್ನೊಮ್ಮೆ ಅದನ್ನೇ ಕೇಳಿದಳು. ಅವಳ ದನಿ ಅಷ್ಟು ಗಟ್ಟಿಯಾಗಿದ್ದದ್ದನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ.

"ಕೇಳೀನಿ," ಎಂದ ಅಪ್ಪ.